ನೋಟ ಹಲವು, ಪದ ಹಲವು
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂಗ್ಲಿಷ್ ಕಲಿಕೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ಕೇಳಿಕೊಂಡರು. ಊಟದ ಹೊತ್ತಿಗೆ ಮುಂಚೆ ವ್ಯಾಕರಣದ ಪಾಠ ಮಾಡಿದರೆ ಅರ್ಧ ಸಭಾಂಗಣ ಖಾಲಿಯಾಗುತ್ತದೆಂದು ನನಗೆ ಗೊತ್ತು. ಆದ್ದರಿಂದ ಒಂದೇ ಒಂದು ಕೆಲಸದ ಸುತ್ತ ಮಾತಾಡುತ್ತೇನೆ. ಅದು ನೋಡುವ ಕೆಲಸ.

ಮೊದಲು ನನ್ನದೇ ಕಥೆ. ಪದವಿ ಮುಗಿಸಿದ ವರ್ಷ ಒಂದು ಗುಮಾಸ್ತ ಹುದ್ದೆಗೆ ಅರ್ಜಿ ಹಾಕಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಿದ್ದಿಕೊಡುವವರು ಯಾರೂ ಇರಲಿಲ್ಲ. ‘ನನ್ನ ಅರ್ಜಿಯನ್ನು ದಯವಿಟ್ಟು ಪರಿಶೀಲಿಸಿ’ ಎನ್ನುವುದಕ್ಕೆ ‘ಕೈಂಡ್ಲಿ ಓವರ್‌ಲುಕ್ ಮೈ ಅಪ್ಲಿಕೇಶನ್’ ಎಂದು ಬರೆದೆ. ‘ಓವರ್’ ಎಂದರೆ ಮೇಲೆ, ‘ಲುಕ್’ ಎಂದರೆ ನೋಡು. ಅರ್ಜಿಯ ಮೇಲೆ ಕಣ್ಣಾಡಿಸಿ ಎಂದಾಯಿತಲ್ಲ ಎಂಬುದು ನನ್ನ ಲೆಕ್ಕ. ಸಂದರ್ಶನದ ದಿನ ಅಧಿಕಾರಿಯೊಬ್ಬರು ಆ ಸಾಲನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, “ನೀವೇ ಕೇಳಿಕೊಂಡಿದ್ದೀರಿ, ಹಾಗೆಯೇ ಮಾಡುತ್ತೇವೆ” ಎಂದರು. ಎಲ್ಲರೂ ನಕ್ಕರು. ಓವರ್‌ಲುಕ್ ಎಂದರೆ ಗಮನಿಸದೆ ಬಿಟ್ಟುಬಿಡುವುದು ಎಂದು ನನಗೆ ತಿಳಿದದ್ದು ಮನೆಗೆ ಬಂದು ನಿಘಂಟು ತೆರೆದ ಮೇಲೆ. ‘ಲುಕ್ ಓವರ್’ ಎಂದಿದ್ದರೆ ಕಣ್ಣಾಡಿಸುವುದು ಎಂದಾಗುತ್ತಿತ್ತು. ಎರಡು ಪದ ಹಿಂದುಮುಂದಾದದ್ದಕ್ಕೆ ಕೆಲಸ ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆಮೇಲೆ ಎರಡು ವರ್ಷ ನಾನು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ.

ನನ್ನ ತಪ್ಪು ಎಲ್ಲಿತ್ತು? ಪದಕ್ಕೆ ಪದ ಜೋಡಿಸಿದ್ದರಲ್ಲಿ. ಯಾರು ನೋಡುತ್ತಿದ್ದಾರೆ, ಎಷ್ಟು ಹೊತ್ತು, ಯಾವ ಮನಸ್ಸಿನಿಂದ ಎಂದು ನಾನು ಕೇಳಿಕೊಳ್ಳಲಿಲ್ಲ. ಈ ಮೂರು ಪ್ರಶ್ನೆ ಕೇಳಿದರೆ ಇಂಗ್ಲಿಷಿನ ನೋಟಗಳು ತಾವಾಗಿಯೇ ಬೇರೆ ಬೇರೆಯಾಗುತ್ತವೆ.

‘ಸೀ’ ಎಂದರೆ ಕಾಣುವುದು. ಕಣ್ಣು ತೆರೆದಿದ್ದರೆ ಸಾಕು. ‘ಲುಕ್’ ಎಂದರೆ ಬೇಕೆಂದೇ ನೋಡುವುದು. ‘ನೋಡಿದೆ, ಆದರೆ ಏನೂ ಕಾಣಲಿಲ್ಲ’ ಎಂದು ನಾವು ಹೇಳುವುದಿಲ್ಲವೇ? ಅದೇ ವ್ಯತ್ಯಾಸ. ‘ವಾಚ್’ ಎಂದರೆ ಚಲಿಸುವ, ಬದಲಾಗುವ ವಸ್ತುವಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಡುವುದು. ಕ್ರಿಕೆಟ್ ಪಂದ್ಯವನ್ನು ವಾಚ್ ಮಾಡುತ್ತೇವೆ, ಒಲೆಯ ಮೇಲಿನ ಹಾಲನ್ನೂ ವಾಚ್ ಮಾಡುತ್ತೇವೆ. ವಾಚ್‌ಮನ್ ಗೇಟನ್ನು ಬರೇ ನೋಡುವುದಿಲ್ಲ, ಕಾಯುತ್ತಾನೆ. ಆದರೆ ಡಾಕ್ಟರರನ್ನು ‘ಸೀ’ ಮಾಡಬೇಕು. ‘ಲುಕ್ ಎಟ್’ ಎಂದರೆ ಅವರ ಮುಖ ನೋಡಿ ವಾಪಸ್ ಬಂದಂತೆ!

ಇನ್ನು ಹೊತ್ತಿನ ಲೆಕ್ಕ. ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ‘ಗ್ಲಾನ್ಸ್’. ಓಡುವ ಬಸ್ಸಿನ ಕಿಟಕಿಯಿಂದ ಗೆಳೆಯನ ಮುಖ ಕ್ಷಣ ಮಾತ್ರ ಕಂಡು ಮರೆಯಾದರೆ ‘ಗ್ಲಿಂಪ್ಸ್’. ಸಂಜೆಯ ಕಡಲನ್ನು ಮೈಮರೆತು ನೋಡಿದರೆ ‘ಗೇಜ್’. ಅಪರಿಚಿತರನ್ನು ಎವೆಯಿಕ್ಕದೆ ದಿಟ್ಟಿಸಿದರೆ ‘ಸ್ಟೇರ್’, ಅದು ಒರಟುತನ. ಅದಕ್ಕೆ ಸಿಟ್ಟು ಸೇರಿದರೆ ‘ಗ್ಲೇರ್’, ಅಂದರೆ ದುರುಗುಟ್ಟುವುದು. ಬಾಗಿಲ ಸಂದಿಯಿಂದ ಕದ್ದು ಇಣುಕಿದರೆ ‘ಪೀಪ್’. ಕನ್ನಡಕ ಮರೆತು ಬಂದ ಅಜ್ಜ ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡ್ ಓದಲು ಹೆಣಗಿದರೆ ‘ಪಿಯರ್’.

ಮಕ್ಕಳೇ, ಇವು ಯಾವುವೂ ನಿಮಗೆ ಹೊಸತಲ್ಲ. ಇಣುಕು, ದಿಟ್ಟಿಸು, ದುರುಗುಟ್ಟು, ಕಣ್ಣು ಹಾಯಿಸು ಎಂದು ಕನ್ನಡದಲ್ಲಿವೆ. ಮನೆಯಲ್ಲಿ ಉರ್ದು ಆಡುವವರಿಗೆ ‘ಝಾಂಕ್‌ನಾ’, ‘ಘೂರ್‌ನಾ’ ಗೊತ್ತು. ತಾಯಿನುಡಿ ಇಂಗ್ಲಿಷಿಗೆ ಅಡ್ಡಿ ಎಂದು ಹೇಳುವವರ ಮಾತು ಕೇಳಬೇಡಿ. ನುಡಿಯ ಸೂಕ್ಷ್ಮ ನಿಮ್ಮೊಳಗೆ ಆಗಲೇ ಇದೆ, ಅದಕ್ಕೆ ಇನ್ನೊಂದು ಹೆಸರು ಕಲಿಯಬೇಕು, ಅಷ್ಟೇ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಬೇಕಾದ ಪದ ‘ಅಬ್ಸರ್ವ್’. ಪ್ರಯೋಗಶಾಲೆಯಲ್ಲಿ ಗ್ಲಾನ್ಸ್ ಮಾಡಿದರೆ ಸಾಲದು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್ ಹೈಥಮ್ 11ನೇ ಶತಮಾನದಲ್ಲಿ ಬರೆದ ‘ಕಿತಾಬುಲ್ ಮನಾಝಿರ್’ ಎಂಬ ದೃಷ್ಟಿವಿಜ್ಞಾನದ ಗ್ರಂಥದಲ್ಲಿ ಎರಡು ಬಗೆಯ ನೋಟಗಳನ್ನು ಬೇರ್ಪಡಿಸಿದ್ದಾರೆ. ಒಂದು, ಥಟ್ಟನೆ ಹಾಯುವ ನೋಟ. ಇನ್ನೊಂದು, ನಿಧಾನವಾಗಿ ಪರಿಶೀಲಿಸುವ ನೋಟ. ವಸ್ತುವಿನ ನಿಜರೂಪ ದಕ್ಕುವುದು ಎರಡನೆಯದಕ್ಕೆ ಎಂದರು ಅವರು. ಪದ ಕಲಿಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಿಘಂಟಿನಲ್ಲಿ ಅರ್ಥ ನೋಡಿ ಮುಚ್ಚಬೇಡಿ. ಆ ಪದ ಬಳಸಿದ ಒಂದು ಪೂರ್ತಿ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ನಿಮ್ಮದೇ ಒಂದು ವಾಕ್ಯವನ್ನೂ ಕಟ್ಟಿ.

ಕೊನೆಯದಾಗಿ, ಇಲ್ಲಿರುವ ಅಧ್ಯಾಪಕರಿಗೂ ತಂದೆತಾಯಿಗಳಿಗೂ ಒಂದು ಮಾತು. ನೋಡು ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಇಂಗ್ಲಿಷಿಗೆ ಎರಡು ಪದ ಬಂದಿವೆ. ಒಂದು ‘ರೆಸ್ಪೆಕ್ಟ್’, ಹಿಂತಿರುಗಿ ನೋಡುವುದು, ಅದೇ ಗೌರವ. ಇನ್ನೊಂದು ‘ಡಿಸ್ಪೈಸ್’, ಮೇಲಿನಿಂದ ಕೆಳಗೆ ನೋಡುವುದು, ಅದು ತಿರಸ್ಕಾರ. ನಮ್ಮಲ್ಲೂ ಕೀಳಾಗಿ ಕಾಣುವುದು ಎನ್ನುತ್ತೇವೆ. ಅಂದು ಆ ಕೋಣೆಯಲ್ಲಿ ನನ್ನ ಬಾಯಿ ಕಟ್ಟಿದ್ದು ಇಂಗ್ಲಿಷ್ ಅಲ್ಲ, ಆ ನೋಟ. ಎರಡು ವರ್ಷದ ಮೇಲೆ ಬಾಯಿ ಬಿಡಿಸಿದ್ದೂ ಒಂದು ನೋಟವೇ. ನನ್ನ ತಪ್ಪು ವಾಕ್ಯವನ್ನು ಓದಿ, ನಗದೆ, ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ ಒಬ್ಬ ಹಿರಿಯ ಅಧ್ಯಾಪಕರದು. ಅವರಿಂದಾಗಿಯೇ ನಾನು ಮುಂದೆ ಇಂಗ್ಲಿಷ್ ಮೇಷ್ಟ್ರಾದೆ.

ನಾಳೆ ನಿಮ್ಮ ಮನೆಯ ಮಗು ತಪ್ಪು ಇಂಗ್ಲಿಷ್ ಆಡಿದಾಗ ಗ್ಲೇರ್ ಮಾಡಬೇಡಿ. ಅದರ ಪ್ರಯತ್ನವನ್ನು ಓವರ್‌ಲುಕ್ ಮಾಡಲೂಬೇಡಿ.