ತಡವಾದರೂ ಭಾಷೆ ಬರುತ್ತದೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



2023ರ ಫೆಬ್ರವರಿ 27ರಂದು ನಮ್ಮ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಊರಿಗೆ ವಿಮಾನ ಬಂತು. ಆದರೆ ಇಂಗ್ಲಿಷಿನ ಒಂದು ಅರ್ಜಿ ತುಂಬಲು ನಾವಿನ್ನೂ ಬೇರೆಯವರನ್ನು ಹುಡುಕುತ್ತೇವೆ. "ವಯಸ್ಸಾಯಿತು, ಇನ್ನು ತಲೆಗೆ ಹತ್ತುವುದಿಲ್ಲ" ಎನ್ನುತ್ತೇವೆ.

ನಾನೂ ಹಾಗೆಯೇ ಹೇಳುತ್ತಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ ಕೊಲ್ಲಿಗೆ ಹೋದವನು ನಾನು. ಅರ್ಥವಾಗದ ಕರಾರು ಪತ್ರಕ್ಕೆ ಸಹಿ ಹಾಕಿ ಎರಡು ವರ್ಷ ಊರಿಗೆ ಬರಲಾಗದೆ ದುಡಿದೆ. ಜೊತೆಗಿದ್ದ ಅರಬ್ಬಿ ಗೆಳೆಯರಿಗೆ ನಲವತ್ತು ದಾಟಿತ್ತು. ಅರಬ್ಬಿಯಲ್ಲಿ 'ಪ' ಧ್ವನಿ ಇಲ್ಲದ್ದರಿಂದ ಪಾರ್ಕಿಂಗ್ ಅವರ ಬಾಯಲ್ಲಿ 'ಬಾರ್ಕಿಂಗ್' ಆಗುತ್ತಿತ್ತು. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಲಿಪಿಯಿಂದ ಬಂದವರಿಗೆ ಇಂಗ್ಲಿಷ್ ಸ್ಪೆಲ್ಲಿಂಗೂ ಕಷ್ಟವೇ. ಆದರೂ ಅವರು ದಿನಕ್ಕೆ ಐದು ಪದ ಬರೆದುಕೊಂಡು, ಗಟ್ಟಿಯಾಗಿ ಓದಿ, ಮರುದಿನ ನನ್ನೊಡನೆ ಬಳಸುತ್ತಿದ್ದರು. "ಹೀ ಡಾಕ್ಟರ್" ಎಂದು ಅವರು ಹೇಳಿದಾಗ ನಾನು ನಗುವಂತಿರಲಿಲ್ಲ, ನಾನೂ ಹಾಗೆಯೇ ಹೇಳುತ್ತಿದ್ದೆ. "ಅವರು ಡಾಕ್ಟರ್" ಎನ್ನಲು ಕನ್ನಡದಲ್ಲೂ ಅರಬ್ಬಿಯಲ್ಲೂ 'ಈಸ್' ಎಂಬಂಥ ಪದ ಬೇಕಿಲ್ಲ. ನಮ್ಮ ತಪ್ಪು ದಡ್ಡತನದಿಂದಲ್ಲ, ಬಲ್ಲ ಭಾಷೆಯ ಅಭ್ಯಾಸದಿಂದ ಎಂದು ಆಗ ತಿಳಿಯಿತು.

ಭಾಷೆ ಕಲಿಯುವ ಸಾಮರ್ಥ್ಯ ಅಳೆಯಲು ಅಮೆರಿಕದ ಜಾನ್ ಕ್ಯಾರಲ್ ಮತ್ತು ಸ್ಟ್ಯಾನ್ಲಿ ಸೇಪನ್ 1959ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಧ್ವನಿಯನ್ನು ಗುರುತಿಸಿ ನೆನಪಿಡುವುದು, ವಾಕ್ಯದಲ್ಲಿ ಪದದ ಕೆಲಸ ಅರಿಯುವುದು, ಉದಾಹರಣೆಗಳಿಂದ ನಿಯಮ ಹಿಡಿಯುವುದು, ಪದಗಳನ್ನು ಕಂಠಪಾಠ ಮಾಡುವುದು ಎಂಬ ನಾಲ್ಕು ಶಕ್ತಿಗಳನ್ನು ಕ್ಯಾರಲ್ ಹೆಸರಿಸಿದರು. ಇವು ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ನಿಜ. ಆದರೆ ಸಾಮರ್ಥ್ಯವೆಂದರೆ ಕಲಿಯಲು ಬೇಕಾಗುವ ಸಮಯದ ಲೆಕ್ಕ ಎಂದೇ ಅವರು ಕಂಡರು. ಒಬ್ಬರಿಗೆ ಆರು ತಿಂಗಳು ಸಾಕು, ಇನ್ನೊಬ್ಬರಿಗೆ ಎರಡು ವರ್ಷ ಬೇಕು. ತಡವಾಗುವುದೆಂದರೆ ಬರುವುದೇ ಇಲ್ಲ ಎಂದಲ್ಲ.

ಮದರಸದಲ್ಲಿ ಉಚ್ಚಾರ ತಿದ್ದಿಕೊಂಡು ಸೂರಾಗಳನ್ನು ಬಾಯಿಪಾಠ ಮಾಡಿದ ನಮಗೆ ಧ್ವನಿ, ನೆನಪು ಎರಡರ ಅಭ್ಯಾಸವೂ ಇದೆ. ಮನೆಯಲ್ಲಿ ಉರ್ದುವೋ ಬ್ಯಾರಿಯೋ, ಪೇಟೆಯಲ್ಲಿ ಕನ್ನಡ ಆಡುತ್ತೇವೆ. ಇನ್ನೊಂದು ಭಾಷೆ ಬಾರದೆನ್ನಲು ನಮಗೆ ಕಾರಣವಿಲ್ಲ.

ಹಿರಿಯರೇ, ದಿನಕ್ಕೆ ಅರ್ಧ ಗಂಟೆ ಕೊಡಿ. ಮೊಬೈಲಿನಲ್ಲಿ ಇಂಗ್ಲಿಷ್ ಸುದ್ದಿ ಕೇಳಿ, ಐದು ಪದ ಬರೆಯಿರಿ, ಅವನ್ನು ಆಡಿ. ವಿದ್ಯಾರ್ಥಿಗಳೇ, ಅಪ್ಪನೋ ಅಮ್ಮನೋ ತಪ್ಪಾಗಿ ಇಂಗ್ಲಿಷ್ ಆಡಿದರೆ ದಯವಿಟ್ಟು ನಗಬೇಡಿ. ಒಮ್ಮೆ ನಕ್ಕರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ.

ನನ್ನ ಎರಡನೆಯ ಕರಾರು ಪತ್ರವನ್ನು ನಾನೇ ಓದಿದೆ. ರಜೆಯ ವಿಷಯ ಅದರಲ್ಲಿ ಇರಲಿಲ್ಲ. ಅದನ್ನು ಸೇರಿಸಿದ ಮೇಲೆಯೇ ಸಹಿ ಹಾಕಿದೆ.