ಹೊಂಡದ ಮೀನಿಗೆ ರೋಗ ಬಂದಾಗ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರ ಮುಂದೆ ಮೀನಿನ ಮಾತೆತ್ತಿದರೆ ನಗುವವರೇ ಹೆಚ್ಚು. “ಕುಡಿಯೋಕೇ ನೀರಿಲ್ಲ, ಮೀನಿಗೆ ಎಲ್ಲಿಂದ ತರೋಣ ಸ್ವಾಮಿ?” ಎನ್ನುತ್ತಾರೆ. ಆ ಮಾತು ನ್ಯಾಯವಾದದ್ದೇ. ನಮ್ಮದು ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡು. ಪಕ್ಕದ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಕಟ್ಟೆ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಈ ಸೀಮೆಯ ಜನ ಇಂದಿಗೂ ಕೆರೆ ಕಟ್ಟಿಸಿದವರೆಂದೇ ನೆನೆಯುತ್ತಾರೆ. ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಕೃಷಿಹೊಂಡಗಳು ಎದ್ದವು. ಕುದಾಪುರದ ಸುತ್ತಿನ ಹಳ್ಳಿಗಳಲ್ಲಿಯೂ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು ಕಣ್ಣಿಗೆ ಬೀಳುತ್ತವೆ. ಶೇಂಗಾ ಬೆಳೆಗೆ ಒಂದೆರಡು ತೇವ ಕೊಡಲೆಂದು ಹಿಡಿದಿಟ್ಟ ನೀರಿನಲ್ಲಿ ಆರೆಂಟು ತಿಂಗಳು ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಬೆಳೆಸಿದರೆ ಮನೆಗೆ ಊಟವೂ ಆಯಿತು, ಕೈಗೆ ನಾಲ್ಕು ಕಾಸೂ ಆಯಿತು. ಈ ದಿನ ನಾನು ಮಾತಾಡುವುದು ಮೀನು ಬಿಡುವ ವಿಷಯವಾಗಿ ಅಲ್ಲ. ಬಿಟ್ಟ ಮೀನಿಗೆ ರೋಗ ಬಂದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಹೊಂಡ ಉದ್ದಗಲ 21 ಮೀಟರು. ಮೊದಲ ವರ್ಷ 400 ಮರಿ ಬಿಟ್ಟೆ. ಐದು ತಿಂಗಳಿಗೆ ಅಂಗೈ ಮೀರಿ ಬೆಳೆದವು. ಎಷ್ಟು ತೂಗುತ್ತವೋ ನೋಡೋಣ ಅಂತ ಇನ್ನೊಬ್ಬರ ಹೊಂಡದಲ್ಲಿ ಬೆಳಿಗ್ಗೆ ಎಳೆದ ಬಲೆಯನ್ನೇ ತಂದು ಮಧ್ಯಾಹ್ನ ನಮ್ಮ ಹೊಂಡಕ್ಕೆ ಎಳೆದೆ. ಬಲೆ ಇನ್ನೂ ಒದ್ದೆಯಾಗಿಯೇ ಇತ್ತು. ಕೆಲವು ವಾರ ಕಳೆಯುವಷ್ಟರಲ್ಲಿ ಮೀನುಗಳು ಹೊಂಡದ ಬದಿಗೆ ಮೈ ಉಜ್ಜತೊಡಗಿದವು, ಸುಮ್ಮಸುಮ್ಮನೆ ನೀರಿನಿಂದ ನೆಗೆಯತೊಡಗಿದವು. ಹಿಡಿದು ನೋಡಿದರೆ ಮೈಮೇಲೆ ಬಿಲ್ಲೆಯಂಥ ಚಪ್ಪಟೆ ಹುಳುಗಳು. ಯಾರೋ ಹೇಳಿದರು, “ಹುಳ ತಾನೆ, ಬೆಳೆಗೆ ಹೊಡೆಯೋ ಔಷಧಿ ಒಂದು ಮುಚ್ಚಳ ಹಾಕು, ಸಾಯ್ತವೆ.” ನನ್ನ ಮನೆಯಾಕೆ ಬೇಡವೆಂದಳು. “ಬೆಳೆಗೆ ಹೊಡೆಯೋದನ್ನ ಉಣ್ಣೋ ಮೀನಿಗೆ ಹಾಕ್ತಾರಾ?” ಎಂದು ಕೇಳಿದಳು. ನಾನು ಕೇಳಲಿಲ್ಲ. ಒಂದು ಮುಚ್ಚಳ ಸಾಲದೆಂದು ಮೂರು ಸುರಿದೆ. ಬೆಳಗಾಗುವಾಗ ಹೊಂಡದ ತುಂಬ ಬಿಳಿಯ ಹೊಟ್ಟೆಗಳು ತೇಲುತ್ತಿದ್ದವು. ಹುಳುವೂ ಸತ್ತಿತು, ಮೀನೂ ಸತ್ತಿತು. ಒಂದನ್ನೂ ತಿನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ. ಮಂಕರಿಯಲ್ಲಿ ಹೊತ್ತು ಗುಂಡಿಗೆ ಹಾಕಿದವಳು ಆಕೆಯೇ. ಆ ನೀರನ್ನು ಎತ್ತು, ಎಮ್ಮೆ ಕುಡಿಯದಂತೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ವರ್ಷ ಹೋದದ್ದು ಹೋಯಿತು. ಆದರೆ ಕಲಿತದ್ದು ಉಳಿಯಿತು. ಅದನ್ನು ಒಂದೊಂದಾಗಿ ಹೇಳುತ್ತೇನೆ.

ಮೀನು ಸಾಯುವುದೆಲ್ಲ ರೋಗದಿಂದಲ್ಲ. ನಮ್ಮ ಹೊಂಡಗಳಲ್ಲಿ ಮೀನು ಸಾಯಲು ಉಸಿರುಗಾಳಿಯ ಕೊರತೆ ದೊಡ್ಡ ಕಾರಣ. ಬೆಳಗಿನ ಜಾವ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ, ಬಿಸಿಲೇರಿದ ಮೇಲೆ ಸರಿಹೋದರೆ, ಅದು ರೋಗವಲ್ಲ. ಹಗಲು ನೀರಿನ ಪಾಚಿಯೇ ಉಸಿರುಗಾಳಿಯನ್ನು ಕೊಡುತ್ತದೆ. ರಾತ್ರಿ ಆ ಪಾಚಿಯೂ ಉಸಿರಾಡುತ್ತದೆ, ಕೊಳೆಯುವ ಕಸವೂ ಗಾಳಿಯನ್ನು ತಿನ್ನುತ್ತದೆ. ಹಸಿರು ಗಟ್ಟಿಯಾದ ನೀರಿನಲ್ಲಿ, ಮೋಡ ಮುಚ್ಚಿ ಗಾಳಿ ಬೀಸದ ದಿನ, ಸೂರ್ಯ ಹುಟ್ಟುವ ಮುಂಚೆ ಗಾಳಿ ತೀರಿಹೋಗುತ್ತದೆ. ಹೀಗೆ ಸಾಯುವಾಗ ದೊಡ್ಡ ಮೀನು ಮೊದಲು ಸಾಯುವುದು ವಾಡಿಕೆ. ಆಗ ಔಷಧಿ ಹಾಕಿದರೆ ಇನ್ನೂ ಕೇಡು. ಆ ದಿನ ಮೇವು, ಗೊಬ್ಬರ ನಿಲ್ಲಿಸಿ. ಪಂಪು ಹಾಕಿ ಅದೇ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಿ. ಬೋರಿನ ನೀರು ಬಿಡುವುದಾದರೆ ಅದನ್ನೂ ಎತ್ತರದಿಂದ ಸುರಿಸಿ. ಏಕೆಂದರೆ ಆಳದಿಂದ ಬಂದ ನೀರಿನಲ್ಲಿ ಗಾಳಿ ಬಹಳ ಕಡಿಮೆ.

ಹಾಗಾದರೆ ರೋಗವೆಂದು ತಿಳಿಯುವುದು ಹೇಗೆ? ರೋಗದಲ್ಲಿ ಒಂದೇ ರಾತ್ರಿ ಎಲ್ಲವೂ ಸಾಯುವುದು ಅಪರೂಪ. ಈ ದಿನ ಎರಡು, ನಾಳೆ ನಾಲ್ಕು, ಹೀಗೆ ಏರುತ್ತದೆ. ಮೀನು ಮೇವಿಗೆ ಬರುವುದಿಲ್ಲ. ಗುಂಪು ಬಿಟ್ಟು ಒಂಟಿಯಾಗಿ ದಡಕ್ಕೆ ಒರಗಿ ನಿಲ್ಲುತ್ತದೆ. ಮೈಮೇಲೆ ಚುಕ್ಕೆ, ಹುಣ್ಣು, ಹತ್ತಿಯಂಥ ಬೂಸಲು, ಹರಿದ ಬಾಲ, ಉಬ್ಬಿದ ಹೊಟ್ಟೆ, ಇವುಗಳಲ್ಲಿ ಒಂದಲ್ಲ ಒಂದು ಕಾಣುತ್ತದೆ. ಆದುದರಿಂದ ದಿನವೂ ಮೇವು ಹಾಕುವಾಗ ಎರಡು ನಿಮಿಷ ನಿಂತು ನೋಡುವುದೇ ದೊಡ್ಡ ವೈದ್ಯ. ಈ ಕೆಲಸ ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಕರು ಹುಲ್ಲು ಬಿಟ್ಟರೆ ಮೊದಲು ತಿಳಿಯುವುದು ಅವರಿಗೇ ಅಲ್ಲವೇ?

ಇನ್ನು ನನ್ನನ್ನು ಕೆಡಿಸಿದ ಹುಳುವಿನ ವಿಷಯ. ಅದು ಮೀನಿನ ಹೇನು. ಬರಿಗಣ್ಣಿಗೆ ಕಾಣುತ್ತದೆ. ಮೀನಿನ ರಕ್ತ ಹೀರುತ್ತದೆ. ಕಚ್ಚಿದ ಗಾಯದಿಂದ ಬೇರೆ ರೋಗಗಳೂ ಒಳಹೊಗುತ್ತವೆ. ಅದಕ್ಕೆ ಒಂದು ದುರ್ಬಲ ಜಾಗ ಉಂಟು. ಅದು ಮೊಟ್ಟೆ ಇಡುವುದು ಮೀನಿನ ಮೈಮೇಲಲ್ಲ. ನೀರಿನಲ್ಲಿರುವ ಕಲ್ಲು, ಕಡ್ಡಿಯಂಥ ಗಟ್ಟಿ ವಸ್ತುಗಳ ಮೇಲೆ. ಹೊಂಡದಲ್ಲಿ ಅಲ್ಲಲ್ಲಿ ಬಿದಿರಿನ ಗಳ, ಹಲಗೆ ಇಳಿಬಿಡಿ. ವಾರಕ್ಕೊಮ್ಮೆ ಮೇಲೆತ್ತಿ, ಉಜ್ಜಿ ತೊಳೆದು, ಬಿರುಬಿಸಿಲಿನಲ್ಲಿ ಒಣಗಿಸಿ ಮತ್ತೆ ಇಳಿಬಿಡಿ. ಮೊಟ್ಟೆಗಳು ಬಿಸಿಲಿಗೆ ಸಾಯುತ್ತವೆ. ಒಂದು ಪೈಸೆ ಔಷಧಿಯಿಲ್ಲದೆ ಸಂತತಿ ಇಳಿಯುತ್ತದೆ. ಹಾಳೆಯ ಚೂಪಾದ ಶತ್ರು ಬಿದಿರಿನ ತುದಿ. ಅದಕ್ಕೆ ಗೋಣಿ ಸುತ್ತಿ ಇಳಿಸಿ.

ಹಿಡಿದ ಮೀನಿಗೆ ಉಪ್ಪುನೀರಿನ ಸ್ನಾನ ಮಾಡಿಸಬಹುದು. 10 ಲೀಟರ್ ಹೊಂಡದ ನೀರಿಗೆ 200 ಗ್ರಾಂ ಕಲ್ಲುಪ್ಪು ಚೆನ್ನಾಗಿ ಕರಗಿಸಿ, ಮೀನನ್ನು ಎರಡು ಮೂರು ನಿಮಿಷ ಬಿಡಿ. ಮಗ್ಗುಲಾಗಿ ಬಿದ್ದರೆ ಆ ಕ್ಷಣವೇ ತೆಗೆದು ಒಳ್ಳೆಯ ನೀರಿಗೆ ಬಿಡಬೇಕು. ಇದು ಟಬ್ಬಿನಲ್ಲಿ ಮಾಡುವ ಕೆಲಸ. ಉಪ್ಪನ್ನು ಹೊಂಡಕ್ಕೆ ಸುರಿಯಬೇಡಿ. ಅದೇ ನೀರು ನಾಳೆ ಶೇಂಗಾಕ್ಕೆ, ಈರುಳ್ಳಿಗೆ ಹೋಗಬೇಕು. ನಮ್ಮ ಬೋರುಗಳ ನೀರು ಮೊದಲೇ ಸವಳು. ಮೀನು ಉಳಿಸಲು ಹೋಗಿ ಹೊಲ ಕೆಡಿಸಿಕೊಳ್ಳಬಾರದು.

ಉಪ್ಪು ಏಕೆ ಮದ್ದಾಗುತ್ತದೆ ಎಂದು ಕೇಳುವವರಿಗೆ ಒಂದು ಸ್ವಾರಸ್ಯದ ಮಾತು. ಪಟ್ಟಣಗಳಲ್ಲಿ ಕೆಲವರು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲಿನ ಬಣ್ಣದ ಮೀನು, ಸಿಗಡಿ ಸಾಕುತ್ತಾರೆ. ಆ ಮೀನಿನ ಮೈಗೆ ಚಪ್ಪಟೆ ಹುಳು ಹತ್ತಿದರೆ ಅವರು ಕೆಲವು ನಿಮಿಷ ಸಿಹಿನೀರಿನಲ್ಲಿ ಮೀಯಿಸುತ್ತಾರೆ. ನಮ್ಮ ಮೀನಿಗೆ ಉಪ್ಪು ಮದ್ದು, ಕಡಲ ಮೀನಿಗೆ ಸಿಹಿನೀರು ಮದ್ದು! ಏಕೆಂದರೆ ದೊಡ್ಡ ಮೀನು ತಡೆದುಕೊಳ್ಳುವ ಬದಲಾವಣೆಯನ್ನು ಸಣ್ಣ ಹುಳು ತಡೆಯಲಾರದು. ಆದರೆ ಹೊತ್ತು ಮೀರಿದರೆ ಮೀನೂ ತಡೆಯಲಾರದು.

ಆ ತೊಟ್ಟಿಯವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಬಿಳಿಚುಕ್ಕೆ ರೋಗ ಅಲ್ಲಿಯೂ ಬರುತ್ತದೆ, ನಮ್ಮಲ್ಲಿಯೂ ಬರುತ್ತದೆ. ನೋಡಲು ಎರಡೂ ರವೆ ಚೆಲ್ಲಿದ ಹಾಗೆ, ಆದರೆ ಜೀವಿಗಳು ಬೇರೆ ಬೇರೆ. ಇದು ಚರ್ಮದೊಳಗೆ ಬೆಳೆದು, ಉದುರಿ, ತಳದಲ್ಲಿ ಗೂಡು ಕಟ್ಟಿ, ಒಂದು ನೂರಾರಾಗಿ ಒಡೆದು, ಹೊಸ ಮೀನು ಹುಡುಕಿ ಈಜುತ್ತದೆ. ಔಷಧಿ ತಾಕುವುದು ಈಜುವ ಹೊತ್ತಿನಲ್ಲಿ ಮಾತ್ರ. ಆದುದರಿಂದ ಒಂದು ಸಲ ಔಷಧಿ ಹಾಕಿ “ಗುಣವಾಯ್ತು” ಎಂದು ಕೈಬಿಡುವವನು ಸೋಲುತ್ತಾನೆ. ಮೀನು ಸಿಗದಿದ್ದರೆ ಅದು ತಾನೇ ಸಾಯುತ್ತದೆ. ಕಡಲ ಮೀನಿಗೆ ಕೊಡುವ ತಾಮ್ರದ ಔಷಧಿ ಸಿಗಡಿಯನ್ನು ಕೊಲ್ಲುವುದರಿಂದ, ಅವರು ರೋಗದ ಮೀನನ್ನು ಬೇರೆ ತೊಟ್ಟಿಗೆ ತೆಗೆದು ಮದ್ದು ಮಾಡಿ, ಹಳೆಯ ತೊಟ್ಟಿಯನ್ನು ವಾರಗಟ್ಟಲೆ ಮೀನಿಲ್ಲದೆ ಖಾಲಿ ಬಿಡುತ್ತಾರೆ. ಹೊಸ ಮೀನನ್ನಂತೂ ಕೆಲವು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಹಳೆಯದರ ಜೊತೆ ಸೇರಿಸುವುದು. ಸಂತೆಯಿಂದ ತಂದ ಕುರಿಯನ್ನು ನಾವು ಹಟ್ಟಿಗೆ ಸೇರಿಸುವ ಮುಂಚೆ ಬೇರೆ ಕಟ್ಟುವುದಿಲ್ಲವೇ? ಅದೇ ನ್ಯಾಯ. ನಮಗೆ ಖಾಲಿ ಬಿಡುವ ಕೆಲಸವನ್ನು ಬೇಸಿಗೆಯೇ ಮಾಡಿಕೊಡುತ್ತದೆ. ಹೊಂಡ ಬತ್ತಿದಾಗ ತಳದ ಕೆಸರು ತೆಗೆದು ಹೊಲಕ್ಕೆ ಹಾಕಿ, ಹಾಳೆಯನ್ನು ಬಿಸಿಲಿಗೆ ಬಿಡಿ.

ಮೂರನೆಯದು ಕೆಂಪು ಹುಣ್ಣಿನ ರೋಗ. ಮೊದಲು ಕೆಂಪು ಚುಕ್ಕೆ, ಬಳಿಕ ಮಾಂಸ ಕಾಣುವ ಆಳದ ಹುಣ್ಣು. ಇದು ನಮ್ಮ ದೇಶಕ್ಕೆ 1988ರಲ್ಲಿ ಈಶಾನ್ಯ ಭಾಗದಿಂದ ಹೊಕ್ಕಿತು. ನೀರಿನಲ್ಲಿ ಬೆಳೆಯುವ, ಬೂಸಲಿನಂಥ ಜೀವಿ ಇದಕ್ಕೆ ಕಾರಣ. ಮಳೆಗಾಲ ಕಳೆದು ನೀರು ತಂಪಾದಾಗ ಇದರ ಕಾಟ ಹೆಚ್ಚು. ಕೊರವದಂಥ ಕಾಡುಮೀನು ಇದಕ್ಕೆ ಬೇಗ ಸಿಕ್ಕುತ್ತದೆ. ಹಳ್ಳದ ನೀರಿನೊಡನೆ ಅದು ಒಳಗೆ ಬಂದರೆ ರೋಗವೂ ಒಳಗೆ ಬಂದಂತೆ. ನೀರು ಹೊಗುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಭುವನೇಶ್ವರದ ಕೇಂದ್ರ ಸಿಹಿನೀರು ಮೀನುಕೃಷಿ ಸಂಸ್ಥೆಯವರು ಈ ರೋಗಕ್ಕೆಂದು ಸಿಫಾಕ್ಸ್ ಎಂಬ ಔಷಧಿಯನ್ನು ಮಾಡಿದ್ದಾರೆ. ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಅದನ್ನು ಬಳಸಿ.

ಸುಣ್ಣದ ಬಗ್ಗೆ ಒಂದು ಎಚ್ಚರಿಕೆ. ಮೀನಿನ ಪುಸ್ತಕಗಳಲ್ಲಿ ಯಾವ ರೋಗಕ್ಕೂ ಸುಣ್ಣ ಎಂದು ಬರೆದಿರುತ್ತದೆ. ಅದು ಹುಳಿಮಣ್ಣಿನ ಸೀಮೆಗೆ ಒಪ್ಪುವ ಮಾತು. ನಮ್ಮ ಕಡೆಯ ಬೋರಿನ ನೀರು ಗಡಸು, ಕ್ಷಾರ. ಅದಕ್ಕೆ ಮತ್ತೆ ಸುಣ್ಣ ಸುರಿದರೆ ಕ್ಷಾರ ಏರಿ, ಮೀನಿನ ಹೇಸಿಗೆಯಿಂದ ಹುಟ್ಟುವ ಅಮೋನಿಯ ಹೆಚ್ಚು ವಿಷವಾಗುತ್ತದೆ. ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ರಸಸಾರ ಏಳೂವರೆಯಿಂದ ಎಂಟೂವರೆಯೊಳಗೆ ಇದ್ದರೆ ಸುಣ್ಣದ ಗೊಡವೆಗೆ ಹೋಗಬೇಡಿ.

ಯಾವ ಔಷಧಿಯಾದರೂ ನೀರನ್ನು ಅಳೆಯದೆ ಹಾಕಬಾರದು. ನೀರಿನ ಸರಾಸರಿ ಉದ್ದ, ಅಗಲ, ಆಳ ಮೂರನ್ನೂ ಮೀಟರಿನಲ್ಲಿ ಗುಣಿಸಿ. 15 ಮೀಟರ್ ಉದ್ದ, 15 ಅಗಲ, 2 ಆಳವಾದರೆ 450 ಘನ ಮೀಟರು, ಅಂದರೆ 4 ಲಕ್ಷ 50 ಸಾವಿರ ಲೀಟರು. ಈ ಲೆಕ್ಕವನ್ನು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಮಾಡಿಸಿ ಗೋಡೆಯ ಮೇಲೆ ಬರೆದಿಡಿ. ಅಧಿಕಾರಿಗಳು ಇಷ್ಟು ನೀರಿಗೆ ಇಷ್ಟು ಗ್ರಾಂ ಎಂದಾಗ ಮುಚ್ಚಳದ ಲೆಕ್ಕ ಬೇಕಾಗುವುದಿಲ್ಲ.

ಬಂದ ಮೇಲೆ ಪರದಾಡುವುದಕ್ಕಿಂತ ಬಾರದಂತೆ ನೋಡುವುದು ಲೇಸು. ಚದರ ಮೀಟರಿಗೆ ಒಂದು ಮರಿಗಿಂತ ಹೆಚ್ಚು ಬಿಡಬೇಡಿ. ಮರಿ ತಂದ ಚೀಲವನ್ನು ಕಾಲು ಗಂಟೆ ಹೊಂಡದಲ್ಲಿ ತೇಲಿಬಿಟ್ಟು, ಬಳಿಕ ಸ್ವಲ್ಪ ಸ್ವಲ್ಪವೇ ಹೊಂಡದ ನೀರು ಸೇರಿಸಿ, ಮೀನು ತಾನಾಗಿ ಹೊರಗೆ ಈಜಲಿ. ಚಳ್ಳಕೆರೆಯ ಗಾಣಗಳ ಶೇಂಗಾ ಹಿಂಡಿ, ತೌಡು ನಮಗೆ ಹತ್ತಿರದಲ್ಲೇ ಸಿಗುತ್ತದೆ. ಆದರೆ ಬೂಸಲು ಹಿಡಿದ ಹಿಂಡಿ ಮೀನಿನ ಪಿತ್ತಜನಕಾಂಗವನ್ನು ಕೆಡಿಸುವ ವಿಷ. ಅಗ್ಗವೆಂದು ತರಬೇಡಿ. ತಟ್ಟೆಯಲ್ಲಿಟ್ಟ ಮೇವು ಉಳಿದರೆ ಮರುದಿನ ಕಡಿಮೆ ಮಾಡಿ. ಔಷಧಿ ಹೊಡೆಯುವ ಪಂಪನ್ನು ಹೊಂಡದಲ್ಲಿ ತೊಳೆಯಬೇಡಿ. ಬಲೆಯನ್ನು ಎರವಲು ತಂದರೆ ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಸತ್ತ ಮೀನನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಹೂಳಿ. ಹೊಂಡಕ್ಕೆ ಬೇಲಿ ಹಾಕಿ, ಹಿಡಿದು ಹತ್ತಲು ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಮೀನು ಹೋದರೆ ಮತ್ತೆ ತರಬಹುದು, ಮಗು ಹೋದರೆ ಬರುವುದಿಲ್ಲ.

ರೋಗ ಯಾವುದೆಂದು ತಿಳಿಯದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ. ಕೊಳೆತ ಮೀನು ಒಯ್ಯಬೇಡಿ, ಅದು ಏನನ್ನೂ ಹೇಳುವುದಿಲ್ಲ. ಜೀವವಿರುವ ರೋಗದ ಮೀನನ್ನು ಹೊಂಡದ ನೀರಿನೊಡನೆ ಚೀಲದಲ್ಲಿ ಒಯ್ಯಿರಿ. ಬೇರೆ ಶೀಸೆಯಲ್ಲಿ ನೀರೂ ಇರಲಿ.

ಮಾರನೆಯ ವರ್ಷ ನಾನು ಮತ್ತೆ ಮರಿ ತರುವ ಮಾತೆತ್ತಿದಾಗ ಮನೆಯಾಕೆ ಒಂದು ಕರಾರು ಹಾಕಿದಳು: ಹೊಂಡಕ್ಕೆ ಏನು ಹಾಕುವುದಿದ್ದರೂ ತನ್ನನ್ನು ಕೇಳಿ ಹಾಕಬೇಕು. ಒಪ್ಪಿದೆ. ಆ ವರ್ಷವೂ ಹೇನು ಬಂತು. ಬಿದಿರು ಇಳಿಸಿದೆವು, ಎತ್ತಿ ಒಣಗಿಸಿದೆವು. ಕೆಲವು ಮೀನು ಹೋದವು, ಬಹುಪಾಲು ಉಳಿದವು. ಹಬ್ಬದ ಮರುದಿನ ಬಲೆ ಎಳೆದಾಗ ಮೊದಲ ಮೀನನ್ನು ಬಲೆ ಕೊಟ್ಟ ಆ ನೆರೆಯವರ ಮನೆಗೇ ಕಳಿಸಿದಳು. ಬಲೆಯನ್ನೂ ಒಣಗಿಸಿಯೇ ಹಿಂದಿರುಗಿಸಿದೆವು.