ಹಾವಿಗೆ ಹುಷಾರಿಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಮಕ್ಕಳೇ, ನಾಯಿಗೆ ಮೈ ಸರಿಯಿಲ್ಲದಿದ್ದರೆ ಅದು ಕುಂಯ್‌ಗುಡುತ್ತದೆ. ಹಸು ಮೇವು ಬಿಟ್ಟು, ಕಿವಿ ಜೋತುಬಿಟ್ಟು ನಿಲ್ಲುತ್ತದೆ. ಹಾವು ಏನು ಮಾಡಬೇಕು ಹೇಳಿ? ಅದಕ್ಕೆ ಬುಸುಗುಟ್ಟಲು ಬರುತ್ತದೆ, ನರಳಲು ಬರುವುದಿಲ್ಲ. ಜೋತುಬಿಡಲು ಹೊರಗಿವಿಯಿಲ್ಲ, ಮುಚ್ಚಿಕೊಳ್ಳಲು ಕಣ್ಣಿನ ರೆಪ್ಪೆಯೂ ಇಲ್ಲ. ಚೆನ್ನಾಗಿರುವ ಹಾವೂ ಸುರುಳಿ ಸುತ್ತಿ ಮಲಗಿರುತ್ತದೆ, ಕಾಯಿಲೆಯ ಹಾವೂ ಹಾಗೇ ಮಲಗಿರುತ್ತದೆ. ಆದರೂ ಗಮನವಿಟ್ಟು ನೋಡುವವರಿಗೆ ಅದರ ಮೈ ಎಲ್ಲವನ್ನೂ ಹೇಳುತ್ತದೆ. ಬನ್ನಿ, ಇವತ್ತು ನಾವು ಒಂದು ಹಾವನ್ನು ಓದೋಣ.

ನಾವು ಓದುವ ಹಾವಿನ ಹೆಸರು ಕಾರ್ನ್ ಸ್ನೇಕ್. ಊರು ಅಮೆರಿಕದ ಆಗ್ನೇಯ ಭಾಗ. ಫ್ಲಾರಿಡಾ, ಜಾರ್ಜಿಯಾ ಕಡೆಯ ಕಾಡು, ಹೊಲ, ಕಣಜಗಳಲ್ಲಿ ಇಲಿ ಹಿಡಿದು ಬದುಕುತ್ತದೆ. ಕಿತ್ತಳೆ ಅಥವಾ ಕಂದು ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಹೊಟ್ಟೆಯ ಕಡೆ ಕಪ್ಪು ಬಿಳುಪಿನ ಚೌಕಗಳು. ವಿಷವಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುತ್ತದೆ. ಅಲ್ಲಿ ಬಹಳ ಜನ ಇದನ್ನು ಮನೆಯಲ್ಲಿ ಸಾಕುತ್ತಾರೆ.

ತೊಂದರೆ ಶುರುವಾಗುವುದೂ ಅಲ್ಲೇ. ಅಂಗಡಿಯಲ್ಲಿ ಪೆನ್ಸಿಲ್‌ನಷ್ಟು ಸಣ್ಣ ಮರಿಯನ್ನು ಕಂಡು ಆಸೆಪಟ್ಟು ತರುತ್ತಾರೆ. ಅದು ಇಪ್ಪತ್ತು ವರ್ಷವೂ ಬದುಕಬಲ್ಲದು ಅನ್ನುವುದನ್ನು ಯೋಚಿಸಿರುವುದಿಲ್ಲ. ಬೇಸರ ಬಂದ ಮೇಲೆ ಪೆಟ್ಟಿಗೆ ಮೂಲೆ ಸೇರುತ್ತದೆ, ನೀರಿನ ಬಟ್ಟಲು ಒಣಗುತ್ತದೆ. ಹೀಗೆ ಸೊರಗಿದ ಹಾವುಗಳನ್ನು ಕರೆತಂದು ಉಳಿಸುವ ಒಳ್ಳೆಯ ಮನಸ್ಸಿನವರು ಅಲ್ಲಿದ್ದಾರೆ. ಅವರು ಮೊದಲು ಏನು ನೋಡುತ್ತಾರೆ?

ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಹಾವನ್ನು ನಡುವೆ ಅಡ್ಡಲಾಗಿ ಕತ್ತರಿಸಿದರೆ ಹೇಗೆ ಕಾಣಬಹುದು ಅಂತ ಬರೆಯಿರಿ. ಬರೀ ಚಿತ್ರದಲ್ಲಿ, ನೆನಪಿರಲಿ! ಆರೋಗ್ಯದ ಹಾವಾದರೆ ಹೆಚ್ಚುಕಡಿಮೆ ದುಂಡಗೆ ಬರೆಯಬೇಕು. ಬೆನ್ನುಮೂಳೆಯ ಎರಡೂ ಪಕ್ಕ ಮಾಂಸ ತುಂಬಿಕೊಂಡಿರುತ್ತದೆ. ತಿಂಗಳುಗಟ್ಟಲೆ ಉಪವಾಸವಿದ್ದ ಹಾವಾದರೆ ತ್ರಿಕೋನ ಬರೆಯಬೇಕು. ಆ ಮಾಂಸ ಕರಗಿ, ಬೆನ್ನುಮೂಳೆ ಮೇಲೆ ಏಣಿನಂತೆ ಎದ್ದು ನಿಂತಿರುತ್ತದೆ. ದುಂಡಗಿದೆಯೋ, ಮೂರು ಮೂಲೆಯಿದೆಯೋ ಎಂಬ ಒಂದೇ ನೋಟದಲ್ಲಿ ಅದರ ಹಸಿವಿನ ಕತೆ ಗೊತ್ತಾಗಿಬಿಡುತ್ತದೆ.

ಆಮೇಲೆ ಚರ್ಮ. ನೀರು ಸಾಲದ ಹಾವಿನ ಚರ್ಮ ಪಕ್ಕದಲ್ಲಿ ಸುಕ್ಕುಗಟ್ಟಿರುತ್ತದೆ. ಹಾವು ಪೊರೆ ಬಿಡುವುದು ನಿಮಗೆ ಗೊತ್ತಲ್ಲ? ಚೆನ್ನಾಗಿರುವ ಹಾವು ಮೂಗಿನ ತುದಿಯಿಂದ ಶುರುಮಾಡಿ ಬಾಲದವರೆಗೆ ಪೊರೆಯನ್ನು ಇಡಿಯಾಗಿ, ಒಳಮೈ ಹೊರಗೆ ಬರುವಂತೆ ಕಳಚುತ್ತದೆ. ಸೊರಗಿದ ಹಾವಿನ ಪೊರೆ ಚೂರುಚೂರಾಗಿ ಹರಿದು ಮೈಗೇ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಬಳೆಯಂತೆ ಉಳಿದು ಒಣಗಿದರಂತೂ ರಕ್ತ ಓಡದೆ ತುದಿಯೇ ಸತ್ತುಹೋಗಬಹುದು.

ಕಣ್ಣಿನ ವಿಷಯ ನನಗೆ ಬಹಳ ಇಷ್ಟ. ರೆಪ್ಪೆಯ ಬದಲು ಹಾವಿನ ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಸದಾ ಮುಚ್ಚಿಕೊಂಡಿರುತ್ತದೆ. ಪೊರೆ ಬಿಡುವ ಕೆಲವು ದಿನ ಮುಂಚೆ ಅದು ಮಂಜು ಕವಿದಂತೆ ನೀಲಿಬಣ್ಣಕ್ಕೆ ತಿರುಗುತ್ತದೆ. ಹೊಸಬರು ಕುರುಡಾಯಿತೇನೋ ಅಂತ ಗಾಬರಿಯಾಗುತ್ತಾರೆ. ಅದು ಕಾಯಿಲೆಯಲ್ಲ. ಕಣ್ಣು ಮತ್ತೆ ತಿಳಿಯಾಗುತ್ತದೆ, ಸ್ವಲ್ಪ ದಿನಕ್ಕೆ ಪೊರೆಯ ಜೊತೆ ಕಣ್ಣಿನ ಹಳೆಯ ಹುರುಪೆಯೂ ಕಳಚಿ ಬರುತ್ತದೆ. ಬಾರದೆ ಅಲ್ಲೇ ಉಳಿದರೆ ತೊಂದರೆ. ಅದನ್ನು ಉಗುರಿನಿಂದ ಕೀಳಲು ಹೋಗಲೇಬಾರದು. ಕೆಳಗಿರುವ ಕಣ್ಣಿಗೇ ಏಟಾಗುತ್ತದೆ.

ಇನ್ನು ಉಸಿರು. ನಮ್ಮ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಮಾಂಸದ ತೆರೆಯಿದೆ. ಕಫ ಕಟ್ಟಿದಾಗ ನಾವು ಜೋರಾಗಿ ಕೆಮ್ಮಿ ಹೊರಹಾಕಲು ಅದರ ನೆರವು ಬೇಕು. ಹಾವಿಗೆ ವಪೆಯಿಲ್ಲ, ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ಕಫ ಒಳಗೇ ಉಳಿಯುತ್ತದೆ. ಆಗ ಹಾವು ತಲೆಯೆತ್ತಿ, ಬಾಯಿ ತೆರೆದು ಉಸಿರಾಡುತ್ತದೆ. ಮೂಗಿನ ಬಳಿ ಗುಳ್ಳೆ ಕಾಣುತ್ತದೆ, ಸೊಂಯ್ ಎಂಬ ಸದ್ದು ಕೇಳುತ್ತದೆ. ಇಷ್ಟು ಕಂಡರೆ ತಡಮಾಡದೆ ವೈದ್ಯರ ಹತ್ತಿರ ಓಡಬೇಕು.

ಹಾವು ಗಂಟೆಗಟ್ಟಲೆ ನೀರಿನ ಬಟ್ಟಲಿನಲ್ಲೇ ಮುಳುಗಿ ಕುಳಿತಿದೆಯೇ? ಆ ನೀರನ್ನು ಗಮನಿಸಿ. ತಳದಲ್ಲಿ ಕರಿ ಚುಕ್ಕೆಗಳಿದ್ದರೆ ಅವು ನುಸಿಗಳು. ಹುರುಪೆಗಳ ಸಂದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಸೇರಿಕೊಂಡು ರಕ್ತ ಹೀರುತ್ತವೆ. ಪಾಪ, ಅವುಗಳ ಕಾಟ ತಾಳದೆ ಹಾವು ನೀರಿಗಿಳಿದಿರುತ್ತದೆ.

ಈಗ ಹೇಳಿ, ಇಂಥ ಒಂದು ಬಡಕಲು ಹಾವು ನಿಮ್ಮ ಮುಂದಿದ್ದರೆ ಮೊದಲು ಏನು ಕೊಡುತ್ತೀರಿ? 'ಊಟ' ಅಂದಿರಿ ಅಲ್ಲವೇ? ನಿಮ್ಮ ಮನಸ್ಸು ಒಳ್ಳೆಯದು. ಆದರೆ ಮೊದಲು ಕೊಡಬೇಕಾದದ್ದು ಬಿಸುಪು.

ಯಾಕೆ ಅಂತ ಅಡುಗೆಮನೆಯಲ್ಲಿ ನೋಡೋಣ. ಬೇಸಿಗೆಯಲ್ಲಿ ಅಜ್ಜಿ ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಗಟ್ಟಿ ಮೊಸರು. ಡಿಸೆಂಬರ್ ಚಳಿಯಲ್ಲಿ ಅದೇ ಹಾಲು, ಅದೇ ಹೆಪ್ಪು. ಬೆಳಗ್ಗೆ ನೋಡಿದರೆ ಇನ್ನೂ ಹಾಲೇ! ಅದಕ್ಕೇ ಅಜ್ಜಿ ಪಾತ್ರೆಯನ್ನು ಒಲೆಯ ಪಕ್ಕ ಬೆಚ್ಚಗೆ ಇಡುತ್ತಾರೆ. ಹಾವಿನ ಹೊಟ್ಟೆಯೂ ಹಾಗೆಯೇ. ನಮ್ಮ ದೇಹ ತನ್ನ ಬಿಸುಪನ್ನು ತಾನೇ ಮಾಡಿಕೊಳ್ಳುತ್ತದೆ, ಹಾವಿನ ದೇಹಕ್ಕೆ ಅದು ಹೊರಗಿನಿಂದ ಬರಬೇಕು. ಮೈ ತಣ್ಣಗಿದ್ದಾಗ ನುಂಗಿದ ಇಲಿ ಅರಗುವುದಿಲ್ಲ, ಒಳಗೇ ಕೊಳೆಯಲು ಶುರುವಾಗುತ್ತದೆ. ಹಾವು ಅದನ್ನು ಕಕ್ಕಿಬಿಡುತ್ತದೆ, ಇದ್ದ ಶಕ್ತಿಯೂ ಹೋಗುತ್ತದೆ.

ಆದ್ದರಿಂದ ಗಾಜಿನ ಪೆಟ್ಟಿಗೆಯ ಒಂದು ತುದಿಯನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡುತ್ತಾರೆ. ಇನ್ನೊಂದು ತುದಿ 24 ಡಿಗ್ರಿಯಷ್ಟು ತಂಪಾಗಿರುತ್ತದೆ. ಎರಡು ತುದಿ ಯಾಕೆ? ಬೇಕಾದಾಗ ಕಾಯಿಸಿಕೊಳ್ಳಲು, ಸಾಕಾದಾಗ ಸರಿದುಹೋಗಲು. ಎಷ್ಟು ಬಿಸುಪು ಬೇಕೆಂಬುದು ನಮಗಿಂತ ಹಾವಿಗೇ ಚೆನ್ನಾಗಿ ಗೊತ್ತು. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು ಇರಬೇಕು. ಬಿಸಿ ಮಾಡುವ ಯಂತ್ರ ಮಿತಿ ಮೀರದಂತೆ ಥರ್ಮೋಸ್ಟಾಟ್ ಬೇಕೇ ಬೇಕು. ಇಲ್ಲದಿದ್ದರೆ ಹಾವು ಮೈ ಸುಟ್ಟುಕೊಳ್ಳುತ್ತದೆ.

ಶುದ್ಧ ನೀರು, ಕತ್ತಲು, ಗಲಾಟೆಯಿಲ್ಲದ ಕೋಣೆ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಇದನ್ನು ದೂರವೇ ಇಡಬೇಕು. ಹಾವುಗಳ ಕಾಯಿಲೆ ಬಲ್ಲ ವೈದ್ಯರು ಬಾಯಿ ತೆರೆಸಿ ನೋಡಿ, ಔಷಧಿ ಬೇಕೇ ಎಂದು ಹೇಳುತ್ತಾರೆ. ಮೈ ಬೆಚ್ಚಗಾಗಿ, ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಒಂದು ಪುಟ್ಟ ಇಲಿಮರಿ. ದೊಡ್ಡ ಇಲಿ ಬೇಡ; ಬಹಳ ದಿನ ಉಪವಾಸವಿದ್ದ ಹೊಟ್ಟೆಗೆ ಭಾರ. ತಿಂದ ಮೇಲೆ ಎರಡು ದಿನ ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾರೆ. ಹಾವನ್ನು ಮುಟ್ಟಿದ ಪ್ರತಿಸಲವೂ ಸೋಪಿನಿಂದ ಕೈ ತೊಳೆಯುತ್ತಾರೆ, ಯಾಕೆಂದರೆ ಆರೋಗ್ಯವಾಗಿರುವ ಹಾವಿನ ಮೈಮೇಲೂ ನಮಗೆ ಹೊಟ್ಟೆನೋವು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ನಮ್ಮ ಊರಿನ ನಾಗರ, ಕೇರೆ, ಹೆಬ್ಬಾವುಗಳ ಮಾತೇ ಬೇರೆ. ಅವು ಕಾಡಿನ ಜೀವಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹಾವಾಡಿಗರ ಬುಟ್ಟಿಯ ನಾಗರಹಾವು ಹಾಲು ಕುಡಿಯುವುದು ಬಾಯಾರಿಕೆಗೆ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಅರಗುವುದೂ ಇಲ್ಲ. ನಿಮ್ಮ ಹಿತ್ತಲಲ್ಲೋ ಶಾಲೆಯ ಬೇಲಿಯಲ್ಲೋ ಗಾಯಗೊಂಡ ಹಾವು ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದ ಮುಟ್ಟಬೇಡಿ. ದೂರ ನಿಂತು, ಅದು ಎಲ್ಲಿದೆ ಎಂದು ಕಣ್ಣಿಟ್ಟಿರಿ, ದೊಡ್ಡವರನ್ನು ಕೂಗಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಲು ಅವರಿಗೆ ಹೇಳಿ.